ಗ್ರಿಜ್ಲಿ ಮೀಮಾಂಸೆ ಅಥವಾ ಕರಡಿಗೆ ಸಿಗುವವರ ಭೇದನಿರ್ಣಯ

ಕರಡಿಯ ಕೈಗೆ ಸಿಕ್ಕ ಮನುಷ್ಯರನ್ನು ಲೋಕ ಇದುವರೆಗೆ ಎರಡೇ ಪಂಗಡ ಮಾಡಿದೆ: ಉಳಿದವರು, ಉಳಿಯದವರು. ಇದು ಫಲ ನೋಡಿ ಮಾಡಿದ ವಿಭಾಗವೇ ಹೊರತು ಕಾರಣ ನೋಡಿ ಮಾಡಿದ್ದಲ್ಲ. ಇನ್ನು ಮುಂದೆ ಸಿಗಲಿರುವವರಿಗೆ ಇದರಿಂದ ಕವಡೆ ಕಾಸಿನ ಉಪಯೋಗವಿಲ್ಲ. ಆ ಕೊರತೆಯನ್ನು ತುಂಬಲು ಈ ಗ್ರಂಥ.

ಶಾಸ್ತ್ರಗ್ರಂಥಕ್ಕೆ ಅನುಬಂಧ ಚತುಷ್ಟಯ ಹೇಳಬೇಕಾದ್ದು ಸಂಪ್ರದಾಯ. ವಿಷಯ: ಉತ್ತರ ಅಮೆರಿಕದ ಗ್ರಿಜ್ಲಿ ಕರಡಿ. ಪ್ರಯೋಜನ: ಹೋದಾಗ ಇದ್ದ ಅಂಗಾಂಗಗಳೊಂದಿಗೇ ಹಿಂದಿರುಗುವುದು. ಸಂಬಂಧ: ಓದುಗರಿಗೂ ಕರಡಿಗೂ ಯಾವುದೂ ಉಂಟಾಗದಿರಲಿ ಎಂಬುದೇ ಆಶಯ. ಅಧಿಕಾರಿ, ಅಂದರೆ ಓದಲು ಅರ್ಹರಾದವರು: ಯೆಲ್ಲೋಸ್ಟೋನ್, ಗ್ಲೇಸಿಯರ್, ಬ್ಯಾನ್ಫ್, ಅಲಾಸ್ಕಾದ ಕಾಲುಹಾದಿ ಹಿಡಿಯುವ ಯಾರಾದರೂ, ಅದರಲ್ಲೂ ಬೇಸಿಗೆಗೆ ಮಗನ ಮನೆಗೆಂದು ಹೋಗಿ, ‘ನ್ಯಾಷನಲ್ ಪಾರ್ಕ್ ತೋರಿಸ್ತೀವಿ, ಹೊರಡಿ’ ಎಂಬ ಮಾತಿಗೆ ಸೂಟ್‌ಕೇಸಿನಿಂದ ಸ್ವೆಟರ್ ತೆಗೆಯುವ ಅಪ್ಪ ಅಮ್ಮಂದಿರು. ಕ್ಯಾಲಿಫೋರ್ನಿಯಾ ಬಿಟ್ಟು ಕದಲದವರಿಗೆ ವಿನಾಯಿತಿ ಉಂಟು. ಅಲ್ಲಿ ಗ್ರಿಜ್ಲಿ ಉಳಿದಿರುವುದು ರಾಜ್ಯದ ಬಾವುಟದ ಮೇಲೆ ಮಾತ್ರ. ನಿಜವಾದದ್ದನ್ನು 1920ರ ದಶಕದ ಹೊತ್ತಿಗೆ ಪೂರ್ತಿ ಕೊಂದು ಮುಗಿಸಿ, ಆಮೇಲೂ ಅದೇ ಚಿತ್ರವನ್ನು ಹಾರಿಸುತ್ತಿದ್ದಾರೆ.

ಲಕ್ಷಣ ವಿಚಾರ

ಮೊದಲ ಪೂರ್ವಪಕ್ಷ ಬಣ್ಣದವರದು. ಕಂದಗಿದ್ದರೆ ಗ್ರಿಜ್ಲಿ, ಕರ್ರಗಿದ್ದರೆ ಕಪ್ಪು ಕರಡಿ ಎಂದು ಅವರ ವಾದ. ನಿಲ್ಲದು. ಅಮೆರಿಕದ ಕಪ್ಪು ಕರಡಿ ಎಷ್ಟೋ ಕಡೆ ದಾಲ್ಚಿನ್ನಿ ಬಣ್ಣಕ್ಕಿರುತ್ತದೆ. ಗ್ರಿಜ್ಲಿಯಂತೂ ಒಣಹುಲ್ಲಿನ ಬಣ್ಣದಿಂದ ಹಿಡಿದು ಹೆಚ್ಚುಕಡಿಮೆ ಕಪ್ಪಿನವರೆಗೆ ಯಾವ ಅಂಗಿಯಲ್ಲಾದರೂ ಬಂದೀತು. ಗಾತ್ರದವರ ಮತಕ್ಕೂ ಇದೇ ಗತಿ, ಏಕೆಂದರೆ ಬಲಿತ ಕಪ್ಪು ಕರಡಿ ಎಳೆಯ ಗ್ರಿಜ್ಲಿಗಿಂತ ದೊಡ್ಡದು. ಸಿದ್ಧಾಂತಿಗಳು ಒಪ್ಪಿದ ಲಕ್ಷಣಗಳು ಹೆಗಲ ಮೇಲಿನ ಡುಬ್ಬ, ನಡುವೆ ತಗ್ಗಿದ ಮುಖ, ಚಿಕ್ಕ ದುಂಡು ಕಿವಿ, ಮುಂಗಾಲಿನಲ್ಲಿ ಮನುಷ್ಯನ ಬೆರಳುದ್ದದ ಉಗುರು. ಕೊನೆಯದನ್ನು ಅಳೆದು ನೋಡುವಷ್ಟು ಹತ್ತಿರ ಹೋದವನಿಗೆ ಅಳತೆಯಿಂದ ಆಗಬೇಕಾದ್ದೇನು ಎಂಬ ಆಕ್ಷೇಪಕ್ಕೆ ಮಾತ್ರ ಸಮಾಧಾನ ದೊರೆತಿಲ್ಲ.

ಇನ್ನು ದಾಳಿಯ ಭೇದ. ಕೆನಡಾದ ಜೀವವಿಜ್ಞಾನಿ ಸ್ಟೀಫನ್ ಹೆರೆರೋ ನೂರಾರು ಪ್ರಕರಣಗಳನ್ನು ಕೆದಕಿ 1985ರಲ್ಲಿ ಪುಸ್ತಕ ಹೊರತಂದ ಮೇಲೆ ಈ ವಿಷಯದಲ್ಲಿ ಜಗಳ ಕಡಿಮೆ. ಗ್ರಿಜ್ಲಿಯ ದಾಳಿ ಎರಡು ಬಗೆ: ರಕ್ಷಣಾರ್ಥ, ಭಕ್ಷಣಾರ್ಥ. ಮರಿಗೋ ತನ್ನ ತುತ್ತಿಗೋ ತಾನು ನಿಂತ ಜಾಗಕ್ಕೋ ಕುತ್ತು ಬಂತು ಎನ್ನಿಸಿದರೆ ಮೊದಲನೆಯದು. ಎದುರಿಗಿರುವವನೇ ತುತ್ತು ಎನ್ನಿಸಿದರೆ ಎರಡನೆಯದು. 2000ದಿಂದ 2015ರವರೆಗೆ ಜಗತ್ತಿನಾದ್ಯಂತ ಕಂದು ಕರಡಿಗಳು, ಅಂದರೆ ಗ್ರಿಜ್ಲಿ ಮತ್ತದರ ದಾಯಾದಿಗಳು, ಮನುಷ್ಯರ ಮೇಲೆ ಬಿದ್ದ 664 ಪ್ರಕರಣಗಳನ್ನು ಸಂಶೋಧಕರು ಒಟ್ಟುಹಾಕಿದ್ದಾರೆ. ಅದರಲ್ಲಿ ಹತ್ತಿರ ಹತ್ತಿರ ಅರ್ಧ ಮರಿಯಿದ್ದ ತಾಯಿಯವು. ತಿನ್ನಲೆಂದೇ ಬಂದವು 100ಕ್ಕೆ ಸುಮಾರು 5. ಇವೆರಡಲ್ಲದೆ ದಾಳಿಯಾಭಾಸ ಎಂಬುದೊಂದಿದೆ. ಕರಡಿ ರೈಲಿನ ಹಾಗೆ ನುಗ್ಗಿ ಬಂದು, ಕೆಲವೇ ಅಡಿ ದೂರದಲ್ಲಿ ಗಕ್ಕನೆ ನಿಂತು, ಬುಸುಗುಟ್ಟಿ, ಪಕ್ಕಕ್ಕೆ ಸರಿದು ಹೋಗುತ್ತದೆ. ಅದು ಆಭಾಸವೆಂದು ನಿರ್ಣಯವಾಗುವುದು ಮುಗಿದ ಮೇಲೆ. ಅಲ್ಲಿಯವರೆಗೆ ಕದಲದೆ ನಿಲ್ಲತಕ್ಕದ್ದು ಎಂದು ವಿಧಿ.

ರಕ್ಷಣಾರ್ಥ ದಾಳಿಗೆ ಕನ್ನಡ ಓದುಗರಿಗೆ ದೃಷ್ಟಾಂತ ಹುಡುಕಲು ಮೊಂಟಾನಾಕ್ಕೆ ಹೋಗಬೇಕಿಲ್ಲ. ಚೌತಿಯ ದಿನ ಅಕ್ಷತೆ ಹಿಡಿದು ಕೇಳುವ ಶಮಂತಕೋಪಾಖ್ಯಾನದಲ್ಲೇ ಇದೆ. ಹೆಜ್ಜೆಗುರುತು ಹಿಡಿದು ಕೃಷ್ಣ ಜಾಂಬವಂತನ ಗುಹೆ ಹೊಕ್ಕ. ಒಳಗೆ ಮಗು ಶಮಂತಕ ಮಣಿ ಹಿಡಿದು ಆಡುತ್ತಿತ್ತು. ಅಪರಿಚಿತನನ್ನು ಕಂಡ ದಾದಿ ಕಿಟ್ಟನೆ ಕಿರುಚಿದಳು. ಈಗ ರೇಂಜರುಗಳ ಕಣ್ಣಿನಿಂದ ನೋಡಿ: ಗವಿಯೊಳಗೆ ಕಾಲಿಟ್ಟದ್ದು, ಮರಿಯ ಪಕ್ಕ ನಿಂತದ್ದು, ಚೀರಾಟ. ಮೂರೂ ಒಂದೇ ಗಳಿಗೆಯಲ್ಲಿ ಕೂಡಿಬಂದ ಪ್ರಕರಣ ಅಮೆರಿಕದ ದಾಖಲೆಗಳಲ್ಲೂ ಅಪರೂಪ. ಭಾಗವತದ ಪ್ರಕಾರ ಕಾಳಗ 28 ದಿನ ನಡೆಯಿತು. ಗ್ರಿಜ್ಲಿಯ ರಕ್ಷಣಾರ್ಥ ದಾಳಿ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ. ಕೊನೆಯಲ್ಲಿ ಮಗಳನ್ನು ಧಾರೆಯೆರೆದು ಕೊಡುವ ಪದ್ಧತಿಯೂ ಗ್ರಿಜ್ಲಿಗಳಲ್ಲಿಲ್ಲ.

ಗಮನಿಸಿ: ಕರಡಿಯ ವಿಭಾಗ ಇಲ್ಲಿಗೇ ಮುಗಿಯಿತು. ಮರಿ, ತುತ್ತು, ಜಾಗ, ಅಪರೂಪಕ್ಕೊಮ್ಮೆ ಹಸಿವು. ಅದರ ನಡತೆಯನ್ನು ಒಂದು ಪೋಸ್ಟ್‌ಕಾರ್ಡಿನಲ್ಲಿ ಬರೆದು ಮುಗಿಸಬಹುದು. ಗ್ರಂಥ ಬೆಳೆಯುವುದು ಈಚೆ ಕಡೆಯಿಂದ.

ಮನುಷ್ಯಭೇದ

ಮೊದಲಿಗ ಮೌನಿ. ಪ್ರಕೃತಿಯ ಮಡಿಲಲ್ಲಿ ಸದ್ದು ಮಾಡಬಾರದು ಎಂದು ಯಾರೋ ಇವನಿಗೆ ಹೇಳಿಕೊಟ್ಟಿದ್ದಾರೆ. ಎದುರುಗಾಳಿ, ಪಕ್ಕದಲ್ಲಿ ಮೊರೆಯುವ ಹೊಳೆ, ಮುಂದೆ ಪೊದೆಯ ತಿರುವು. ಅಲ್ಲಿ ಬೆಕ್ಕಿನ ಹೆಜ್ಜೆಯಿಡುತ್ತಾನೆ. ತಿರುವಿನ ಆಚೆ ಕರಡಿ ಊಟದಲ್ಲಿ ಮಗ್ನವಾಗಿರುತ್ತದೆ. ಆ ಊಟವೂ ಅಂತಿಂಥದ್ದಲ್ಲ. 5-6 ತಿಂಗಳ ಚಳಿಗಾಲದ ನಿದ್ದೆಗೆ ಕೊಬ್ಬು ಕೂಡಿಸಿಕೊಳ್ಳಬೇಕಾದ ಕರಡಿ ಶರತ್ಕಾಲದಲ್ಲಿ ದಿನಕ್ಕೆ 20,000 ಕ್ಯಾಲೊರಿಯವರೆಗೆ ತಿನ್ನುತ್ತದೆ. ಯೆಲ್ಲೋಸ್ಟೋನ್ ಸುತ್ತಿನ ಬೆಟ್ಟಗಳಲ್ಲಿ ಕಲ್ಲು ಮಗುಚಿ ಮಗುಚಿ ದಿನವೊಂದಕ್ಕೆ 40,000 ಪತಂಗಗಳನ್ನು ನೆಕ್ಕಿಬಿಡಬಲ್ಲದು. ಅಂಥ ತನ್ಮಯತೆಯ ನಡುವೆ, ಹತ್ತು ಮಾರು ದೂರದಲ್ಲಿ, ಟೋಪಿ ಹಾಕಿಕೊಂಡ ಮುಖವೊಂದು ಧುತ್ತೆಂದು ಎದ್ದುಬರುತ್ತದೆ. ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಎನ್ನುತ್ತೇವಲ್ಲ, ಇಲ್ಲಿ ಪೂಜೆ ಕರಡಿಯದು. ಬಿಡಲ್ಪಟ್ಟ ಪ್ರಾಣಿ ನಾವು.

ಮೌನಿಗೆ ಚಿಕಿತ್ಸೆ ಮಾತು. ಮೂರೋ ನಾಲ್ಕೋ ಜನ ಒಟ್ಟಾಗಿ, ಗಟ್ಟಿಯಾಗಿ ಮಾತಾಡುತ್ತ ನಡೆಯಬೇಕು. ಬ್ಯಾನ್ಫ್ ಕಡೆಯ ಕೆಲವು ಹಾದಿಗಳಲ್ಲಿ ಕರಡಿ ಓಡಾಡುವ ಕಾಲಕ್ಕೆ 4 ಜನರ ಗುಂಪಿಲ್ಲದೆ ಕಾಲಿಡುವುದೇ ಅಪರಾಧ. ಈ ವಿಷಯದಲ್ಲಿ ನಮ್ಮವರು ಹುಟ್ಟು ಸುರಕ್ಷಿತರು. ಸೈಟು, ಸಂಬಂಧ, ಸಕ್ಕರೆ ಕಾಯಿಲೆ ಎಂಬ ಮೂರು ವಿಷಯಗಳಲ್ಲಿ ಒಂದನ್ನು ಎತ್ತಿಕೊಂಡ ನಾಲ್ವರು ಕನ್ನಡಿಗರ ಹತ್ತಿರ ಯಾವ ಕರಡಿಯೂ ಅಚಾನಕ್ಕಾಗಿ ಸಿಗಲಾರದು. ಮಾತಾಡಲು ಸಂಕೋಚಪಡುವವರು ಬೆನ್ನಚೀಲಕ್ಕೆ ಪುಟ್ಟ ಗಂಟೆ ಕಟ್ಟಿಕೊಳ್ಳುತ್ತಾರೆ. ಅಂಗಡಿಗಳಲ್ಲಿ ಚೆನ್ನಾಗಿ ಮಾರುತ್ತದೆ. ಕರಡಿ ಅದಕ್ಕೆ ಕಿವಿಗೊಡುವುದಿಲ್ಲ. ಕಪ್ಪು ಕರಡಿಯ ಹಿಕ್ಕೆಯಲ್ಲಿ ಹಣ್ಣಿನ ಬೀಜ, ಗ್ರಿಜ್ಲಿಯ ಹಿಕ್ಕೆಯಲ್ಲಿ ಪುಟ್ಟ ಗಂಟೆ ಎಂಬ ರೇಂಜರುಗಳ ಹಳೇ ತಮಾಷೆಯನ್ನು ಈ ಶಾಖೆಯ ಪ್ರಮಾಣವಾಕ್ಯವೆಂದು ಸ್ವೀಕರಿಸಬಹುದು.

ಎರಡನೆಯವನು ಶೀಘ್ರಗಾಮಿ. ಇವನಲ್ಲಿ ಕರಡಿಯತ್ತ ಓಡುವವನು, ಕರಡಿಯಿಂದ ಓಡುವವನು ಎಂದು ಒಳಭೇದ. ಮೊದಲನೆಯದು ಸೈಕಲ್ಲಿನವರದು. 2016ರ ಜೂನ್‌ನಲ್ಲಿ ಗ್ಲೇಸಿಯರ್ ಉದ್ಯಾನದ ಪಕ್ಕದ ಕಾಡಿನಲ್ಲಿ ಬೆಟ್ಟದ ಸೈಕಲ್ ಸವಾರನೊಬ್ಬ ಕುರುಡು ತಿರುವಿನಲ್ಲಿ ನೇರ ಗ್ರಿಜ್ಲಿಗೇ ಡಿಕ್ಕಿ ಹೊಡೆದು ಪ್ರಾಣ ಕಳೆದುಕೊಂಡ. ಅವನಿಗೆ ಸಿಕ್ಕಿದ್ದು ಒಂದೆರಡು ಸೆಕೆಂಡು ಎಂದು ತನಿಖಾ ಮಂಡಳಿ ಲೆಕ್ಕ ಹಾಕಿತು. ಕರಡಿಗೂ ಅಷ್ಟೇ ಸಿಕ್ಕಿದ್ದು. ಎರಡನೆಯ ಒಳಭೇದಕ್ಕೆ ಗಣಿತ ಸಾಕು. ಉಸೇನ್ ಬೋಲ್ಟ್ ತನ್ನ ಉತ್ಕರ್ಷದಲ್ಲಿ ಮುಟ್ಟಿದ ವೇಗ ಗಂಟೆಗೆ 45 ಕಿಲೋಮೀಟರಿಗೆ ತುಸು ಕಡಿಮೆ. ಗ್ರಿಜ್ಲಿಯದು 55. ಇಳಿಜಾರಿನಲ್ಲಿ ಕರಡಿಗೆ ಓಡಲಾಗದು ಎಂಬುದು ಇಳಿಜಾರಿನಲ್ಲಿ ಓಡಿ ಉಳಿಯದವರು ಅಲ್ಲಗಳೆಯಲಾಗದೆ ಹೋದ ನಂಬಿಕೆ. ಮರ ಹತ್ತುವವರಿಗೂ ಒಂದು ಮಾತು: ಶಾಲೆಯ ಪಾಠದಲ್ಲಿ ಬರುವ ಇಬ್ಬರು ಗೆಳೆಯರಲ್ಲಿ ಮರ ಹತ್ತಿದವನು ಬಚಾವಾದದ್ದು ಕತೆಗಾರನ ಕೃಪೆಯಿಂದ. ಕೊಂಬೆ ಕೈಗೆಟಕುವಂತಿದ್ದರೆ ಗ್ರಿಜ್ಲಿಯೂ ಹತ್ತುತ್ತದೆ. ನೆಲದ ಮೇಲೆ ಉಸಿರು ಬಿಗಿಹಿಡಿದು ಬಿದ್ದುಕೊಂಡವನದೇ ಸರಿಯಾದ ಶಾಸ್ತ್ರ.

ಮೂರನೆಯವನು ಅನ್ನದಾತ. ಇವನ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳದೆ ಉಪಾಯವಿಲ್ಲ, ಏಕೆಂದರೆ ಬೇರೆಯವರು ತಮ್ಮ ತಲೆಯ ಮೇಲೆ ತಂದುಕೊಂಡದ್ದನ್ನು ಇವನು ಇನ್ನೊಬ್ಬರ ತಲೆಯ ಮೇಲೆ ಹಾಕುತ್ತಾನೆ. ಯೆಲ್ಲೋಸ್ಟೋನಿನ ಹೋಟೆಲುಗಳ ಎಂಜಲು ಸುರಿಯುವ ತಿಪ್ಪೆಗೆ ಕರಡಿಗಳು ಬರುವುದನ್ನು ನೋಡಲು ಒಂದು ಕಾಲಕ್ಕೆ ಮೆಟ್ಟಿಲುಮೆಟ್ಟಿಲಾಗಿ ಆಸನ ಹಾಕಿಸಿದ್ದರು. ಸಂಜೆಯಾದರೆ ಕುಟುಂಬಸಮೇತ ಜನ ಬಂದು ಕೂರುತ್ತಿದ್ದರು. ಎರಡನೇ ಮಹಾಯುದ್ಧದ ಹೊತ್ತಿಗೆ ಆ ಪ್ರದರ್ಶನ ನಿಂತಿತು, ತಿಪ್ಪೆ ನಿಲ್ಲಲಿಲ್ಲ. ಗ್ಲೇಸಿಯರಿನ ಗ್ರಾನೈಟ್ ಪಾರ್ಕ್ ವಸತಿಗೃಹದಲ್ಲೂ ರಾತ್ರಿ ಊಟ ಮುಗಿದ ಮೇಲೆ ಮಿಕ್ಕದ್ದನ್ನು ಹಿತ್ತಲಿಗೆ ಎಸೆಯುವುದು, ಗ್ರಿಜ್ಲಿ ಬರುವುದು, ಅತಿಥಿಗಳು ನೋಡಿ ಸಂತೋಷಪಡುವುದು ನಡೆದಿತ್ತು. 1967ರ ಆಗಸ್ಟ್ 13ರ ನಡುರಾತ್ರಿ ಆ ವಸತಿಗೃಹದ ಸಮೀಪ ಮಲಗಿದ್ದ 19 ವರ್ಷದ ಹುಡುಗಿಯನ್ನು ಗ್ರಿಜ್ಲಿ ಎಳೆದೊಯ್ದಿತು. ಕೆಲವೇ ಗಂಟೆಗಳಲ್ಲಿ, ಮೈಲುಗಳಾಚೆಯ ಟ್ರೌಟ್ ಸರೋವರದ ದಂಡೆಯಲ್ಲಿ, ಇನ್ನೊಂದು ಗ್ರಿಜ್ಲಿ ಇನ್ನೊಬ್ಬಳನ್ನು ಕೊಂದಿತು. ಅವಳಿಗೂ 19. ಉದ್ಯಾನ ಸ್ಥಾಪನೆಯಾದದ್ದು 1910ರಲ್ಲಿ; ಅಲ್ಲಿಂದ ಆ ರಾತ್ರಿಯವರೆಗೆ ಅಲ್ಲಿ ಗ್ರಿಜ್ಲಿ ಒಬ್ಬರನ್ನೂ ಕೊಂದಿರಲಿಲ್ಲ. ಎರಡನೆಯ ಕರಡಿಯೂ ಆ ಬೇಸಿಗೆಯಿಡೀ ಶಿಬಿರಗಳಿಗೆ ನುಗ್ಗಿ ಬುತ್ತಿ ಕದಿಯುತ್ತಿದ್ದದ್ದೇ.

ಆಮೇಲೆ ಎಲ್ಲರಿಗೂ ಒಟ್ಟಿಗೆ ಬುದ್ಧಿ ಬಂತು. ಯೆಲ್ಲೋಸ್ಟೋನ್ ತನ್ನ ತಿಪ್ಪೆಗಳನ್ನು ಅವಸರದಲ್ಲಿ ಮುಚ್ಚತೊಡಗಿತು. ವರ್ಷಗಟ್ಟಲೆ ಅಲ್ಲಿನ ಗ್ರಿಜ್ಲಿಗಳ ಹಿಂದೆ ಅಲೆದಿದ್ದ ಫ್ರಾಂಕ್ ಮತ್ತು ಜಾನ್ ಕ್ರೇಗ್‌ಹೆಡ್ ಸೋದರರು ‘ನಿಧಾನಕ್ಕೆ ಮುಚ್ಚಿ, ಅಭ್ಯಾಸ ಬಿಡಲು ಸಮಯ ಕೊಡಿ’ ಎಂದು ಹಟ ಹಿಡಿದರು. ಉದ್ಯಾನದವರು ಕೇಳಲಿಲ್ಲ. ತಿಪ್ಪೆ ಸಿಗದ ಕರಡಿಗಳು ಬಿಡಾರಗಳಿಗೆ ಬಂದವು, ಬಂದವು ಸತ್ತವು. 1975ರಲ್ಲಿ ಕಾನೂನಿನ ರಕ್ಷಣೆ ಕೊಡುವ ಹೊತ್ತಿಗೆ ಆ ಸೀಮೆಯಲ್ಲಿ ಉಳಿದಿದ್ದವು 136 ಎಂದು ಅಂದಾಜು. ಅನ್ನ ಕೊಟ್ಟವರು ಆಗ ಊರಿನಲ್ಲಿ ತಮ್ಮ ಆಲ್ಬಮ್ಮಿಗೆ ಫೋಟೊ ಅಂಟಿಸುತ್ತಿದ್ದರು.

ಚಿತ್ರಗ್ರಾಹಿಯ ಬಗ್ಗೆ ಹೆಚ್ಚು ಬರೆಯಬೇಕಿಲ್ಲ, ಅವನೇ ಎಲ್ಲವನ್ನೂ ದಾಖಲಿಸಿಕೊಳ್ಳುತ್ತಾನೆ. ಯೆಲ್ಲೋಸ್ಟೋನಿನ ನಿಯಮ ಕರಡಿಯಿಂದ 91 ಮೀಟರ್ ದೂರ. ಟೇಪು ತಂದಿಲ್ಲದವರು ಕೈ ನೀಳವಾಗಿ ಚಾಚಿ, ಒಂದು ಕಣ್ಣು ಮುಚ್ಚಿ, ಹೆಬ್ಬೆರಳಿನ ಹಿಂದೆ ಕರಡಿ ಪೂರ್ತಿ ಮರೆಯಾಗುತ್ತದೋ ನೋಡಬಹುದು. ಮರೆಯಾಗದಿದ್ದರೆ ಹಿಂದೆ ಸರಿಯಿರಿ.

ಬೇಟೆಗಾರನ ಸ್ಥಿತಿ ವಿಚಿತ್ರ. ಅವನು ಮೌನಿಯ ಎಲ್ಲ ದೋಷಗಳನ್ನೂ ವೃತ್ತಿಯಾಗಿ ಅಭ್ಯಾಸ ಮಾಡಿದವನು: ಮುಂಜಾವಿನ ಮಬ್ಬಿನಲ್ಲಿ, ಗಾಳಿಗೆದುರಾಗಿ, ಪೊದೆಯಿಂದ ಪೊದೆಗೆ ನುಸುಳುತ್ತಾನೆ. ಸಾಲದ್ದಕ್ಕೆ ಎಲ್ಕ್ ಜಿಂಕೆಯಂತೆ ಕೂಗುತ್ತಾನೆ. ಹೊಡೆದ ಮೇಲೆ ಕರುಳು, ಮಾಂಸದ ನಡುವೆ ಮಂಡಿಯೂರಿ ಕೂರುತ್ತಾನೆ. ಕರಡಿಯ ಪಾಲಿಗೆ ಇದಕ್ಕಿಂತ ಸ್ಪಷ್ಟವಾದ ಆಮಂತ್ರಣಪತ್ರ ಇನ್ನೊಂದಿಲ್ಲ. 1823ರಲ್ಲಿ ಇಂದಿನ ದಕ್ಷಿಣ ಡಕೋಟಾ ಸೀಮೆಯಲ್ಲಿ ತಂಡದಿಂದ ಮುಂದೆ ಹೋಗಿದ್ದ ಹ್ಯೂ ಗ್ಲಾಸ್ ಮರಿಗಳಿದ್ದ ತಾಯಿಗೆ ಸಿಕ್ಕಿಬಿದ್ದ. ಸತ್ತಾನೆಂದು ಜೊತೆಯವರು ಬಿಟ್ಟುಹೋದ ಮೇಲೆ ತೆವಳುತ್ತ, ಕುಂಟುತ್ತ 300 ಕಿಲೋಮೀಟರಿಗೂ ಹೆಚ್ಚು ದೂರದ ಕೋಟೆ ಸೇರಿದ. ಆ ಕತೆ 2015ರಲ್ಲಿ ಸಿನಿಮಾ ಆಯಿತು. ಅದರಿಂದ ಜನ ಕಲಿತದ್ದು ತೆವಳುವ ಛಲವನ್ನು. ಒಂಟಿಯಾಗಿ ಮುಂದೆ ಹೋಗಬಾರದಿತ್ತು ಎಂಬುದನ್ನು ಕಲಿತಿದ್ದರೆ ಲಾಭವಿತ್ತು.

ಬಂಧು ಎಂಬುದು ಅತಿ ವಿರಳ ಜಾತಿ. ಟಿಮೊಥಿ ಟ್ರೆಡ್‌ವೆಲ್ 13 ಬೇಸಿಗೆ ಅಲಾಸ್ಕಾದ ಕಾಟ್ಮೈಯಲ್ಲಿ ಕರಡಿಗಳ ನಡುವೆ ಡೇರೆ ಹಾಕಿದ. ಒಂದೊಂದಕ್ಕೂ ಹೆಸರಿಟ್ಟ, ಮುದ್ದಿನಿಂದ ಮಾತಾಡಿಸಿದ, ಕರಡಿಯನ್ನು ಹಿಮ್ಮೆಟ್ಟಿಸುವ ಖಾರದ ಸ್ಪ್ರೇ ಇಟ್ಟುಕೊಳ್ಳುವುದು ಸ್ನೇಹಕ್ಕೆ ದ್ರೋಹವೆಂದು ಬಿಟ್ಟ. 2003ರ ಅಕ್ಟೋಬರಿನಲ್ಲಿ, ಆತ ಸಾಮಾನ್ಯವಾಗಿ ಜಾಗ ಖಾಲಿ ಮಾಡಿರುತ್ತಿದ್ದ ದಿನಗಳಲ್ಲಿ, ಆತನನ್ನೂ ಜೊತೆಗಿದ್ದ ಗೆಳತಿಯನ್ನೂ ಒಂದು ಕರಡಿ ಕೊಂದು ತಿಂದಿತು. ವರ್ನರ್ ಹರ್ಟ್ಸೋಗ್ ಎರಡು ವರ್ಷದ ನಂತರ ಮಾಡಿದ ಸಾಕ್ಷ್ಯಚಿತ್ರ ನೋಡಿದವರು ಆತನನ್ನು ಹುಚ್ಚನೆಂದರು. ನನ್ನ ಮಟ್ಟಿಗೆ ಅದು ಅವಸರದ ತೀರ್ಪು. 13 ಬೇಸಿಗೆ ಉಳಿದದ್ದೂ ಲೆಕ್ಕಕ್ಕೆ ಬರಬೇಕು. ಆದರೆ ಆ ಲೆಕ್ಕ ಕರಡಿಗಳ ಸಹನೆಯ ಖಾತೆಗೆ ಹೋಗುತ್ತದೆ, ಬಂಧುತ್ವದ ಖಾತೆಗಲ್ಲ.

ಉಳಿದವನು ನಿರ್ದೋಷಿ. ಇವನಿಂದಾಗಿ ಇಡೀ ಶಾಸ್ತ್ರಕ್ಕೆ ಬಿರುಕು ಬಿದ್ದಿದೆ. 2016ರ ಅಕ್ಟೋಬರ್ ಮೊದಲ ದಿನ ಮೊಂಟಾನಾದ ಮ್ಯಾಡಿಸನ್ ಕಣಿವೆಯಲ್ಲಿ ಒಬ್ಬಾತ ಆಗಾಗ ಗಟ್ಟಿಯಾಗಿ ಕೂಗುತ್ತಲೇ ನಡೆಯುತ್ತಿದ್ದ. ಮರಿಗಳಿದ್ದ ಹೆಣ್ಣು ಗ್ರಿಜ್ಲಿ ನುಗ್ಗಿತು. ಆತ ಓಡಲಿಲ್ಲ. ಸ್ಪ್ರೇ ಹೊಡೆದ. ಕರಡಿ ಆ ವೇಗದಲ್ಲಿ ಖಾರದ ಮೋಡವನ್ನು ಸೀಳಿಕೊಂಡೇ ಬಂತು. ಬೋರಲು ಬಿದ್ದು ಕತ್ತು ಮುಚ್ಚಿಕೊಂಡ. ಕಚ್ಚಿ ಹೋಯಿತು. ಎದ್ದು ಬಂದ ದಾರಿಯಲ್ಲಿ ನಡೆದ. ಕೆಲವು ನಿಮಿಷಗಳಲ್ಲಿ ಅದೇ ಕರಡಿ ಹಿಂದಿನಿಂದ ಬಂದು ಮತ್ತೊಮ್ಮೆ ಹರಿಯಿತು. ಆತ ರಕ್ತ ಸುರಿಸುತ್ತ ತಾನೇ ಗಾಡಿ ಓಡಿಸಿಕೊಂಡು ಆಸ್ಪತ್ರೆ ಸೇರಿ ಬದುಕಿದ. 2021ರ ಜುಲೈನಲ್ಲಿ ಅದೇ ರಾಜ್ಯದ ಒಂದು ಪುಟ್ಟ ಊರಿನೊಳಗೇ ಡೇರೆಯಲ್ಲಿ ಮಲಗಿದ್ದ ಸೈಕಲ್ ಪ್ರವಾಸಿಗೆ ಅಷ್ಟೂ ಅದೃಷ್ಟವಿರಲಿಲ್ಲ. ಮೊದಲ ಸಲ ಬಂದ ಕರಡಿಯನ್ನು ಓಡಿಸಿ, ಡೇರೆಯಲ್ಲಿದ್ದ ತಿಂಡಿಯನ್ನೂ ದೂರ ಇಟ್ಟು ಮಲಗಿದ್ದಳು. ಅದು ಮತ್ತೆ ಬಂತು. ಇಂಥವರನ್ನು ಯಾವ ಪಂಗಡಕ್ಕೆ ಸೇರಿಸಿದರೂ ಅನ್ಯಾಯ. ‘ಏನೋ ತಪ್ಪು ಮಾಡಿರಬೇಕು’ ಎನ್ನುವ ವ್ಯಾಖ್ಯಾನಕಾರರು ದೂರದ ಊರುಗಳಲ್ಲಿ, ಬಾಗಿಲು ಹಾಕಿದ ಮನೆಗಳಲ್ಲಿ ವಾಸಿಸುತ್ತಾರೆ.

ನಿರ್ದೋಷಿಯ ಪಕ್ಕದಲ್ಲಿ ನಿರ್ದೋಷಿ ಕರಡಿಗೂ ಒಂದು ಸ್ಥಾನ ಬೇಕು. ಗ್ರ್ಯಾಂಡ್ ಟೀಟನ್ನಿನ 399 ಎಂಬ ಸಂಖ್ಯೆಯ ತಾಯಿ ಗ್ರಿಜ್ಲಿ 2007ರಲ್ಲಿ ಮರಿಗಳೊಂದಿಗೆ ಎಲ್ಕ್ ತಿನ್ನುತ್ತಿದ್ದಾಗ ಹತ್ತಿರ ಬಂದ ಪಾದಚಾರಿಯನ್ನು ಕಚ್ಚಿತು. ಅದನ್ನು ಕೊಲ್ಲಬೇಡಿ, ಅದು ತನ್ನ ಕೆಲಸ ಮಾಡಿದೆ ಎಂಬುದು ಕಚ್ಚಿಸಿಕೊಂಡವನದೇ ನಿಲುವಾಗಿತ್ತು. ಬಿಟ್ಟರು. ಆಮೇಲೆ 17 ವರ್ಷ ರಸ್ತೆಬದಿಯಲ್ಲಿ ಸಾವಿರಾರು ಜನರ ಕಣ್ಣೆದುರು ಮರಿಮಾಡಿ ಸಾಕಿ, 28ನೇ ವಯಸ್ಸಿನಲ್ಲಿ, 2024ರ ಅಕ್ಟೋಬರಿನಲ್ಲಿ ಕಾರು ಬಡಿದು ಸತ್ತಿತು.

ಕ್ರಿಯಾಭಾಗ

ಶಂಕೆ: ಎದುರಾದಾಗ ಏನು ಮಾಡತಕ್ಕದ್ದು? ಸಮಾಧಾನ: ಕರಡಿ ಇನ್ನೂ ನಿಮ್ಮನ್ನು ಗಮನಿಸದಿದ್ದರೆ ಬಂದ ದಾರಿ ಹಿಡಿಯಿರಿ. ಗಮನಿಸಿದ್ದರೆ ಮೆಲುದನಿಯಲ್ಲಿ ಮಾತಾಡುತ್ತ, ಬೆನ್ನು ತೋರಿಸದೆ, ನಿಧಾನಕ್ಕೆ ಹಿಂದೆ ಸರಿಯಿರಿ. ನುಗ್ಗಿದರೆ ಸ್ಪ್ರೇ. ಅದು ಚೀಲದೊಳಗಲ್ಲ, ಸೊಂಟದಲ್ಲಿರಬೇಕು. ಅದರ ಕ್ಲಿಪ್ ತೆಗೆಯುವುದನ್ನು ಹೋಟೆಲ್ ರೂಮಿನ ಹೊರಗೆ ಮೊದಲೇ ಕಲಿತಿರಬೇಕು. ಕರಡಿ 30ರಿಂದ 60 ಅಡಿಯಲ್ಲಿರುವಾಗ ಅದರ ಮುಖದ ಮುಂದೆ, ತುಸು ಕೆಳಗೆ, ಮೋಡ ಕಟ್ಟುವಂತೆ ಒತ್ತಬೇಕು. ಅಲಾಸ್ಕಾದಲ್ಲಿ 1985ರಿಂದ 2006ರವರೆಗೆ ಸ್ಪ್ರೇ ಬಳಸಿದ ಪ್ರಕರಣಗಳನ್ನು ಪರಿಶೀಲಿಸಿದಾಗ 100ಕ್ಕೆ 92 ಸಲ ಕಂದು ಕರಡಿ ಹಿಮ್ಮೆಟ್ಟಿತ್ತು. ಸ್ಪ್ರೇ ಹಿಡಿದವರಲ್ಲಿ 100ಕ್ಕೆ 98 ಜನರಿಗೆ ಗಾಯವೇ ಆಗಿರಲಿಲ್ಲ. ಒಳಗಿರುವುದು ನಮ್ಮ ಅಡುಗೆಮನೆಯ ಮೆಣಸಿನಕಾಯಿಯ ಖಾರದ ಸತ್ವವೇ. ಆದರೆ ಬ್ಯಾಡಗಿ ಹೆಸರಾದದ್ದು ಬಣ್ಣಕ್ಕೆ, ಖಾರಕ್ಕಲ್ಲ. ಅಭಿಮಾನದಿಂದ ಮನೆಯಲ್ಲೇ ಕುಟ್ಟಿಕೊಂಡು ಹೊರಡಬೇಡಿ. ವಿಮಾನದಲ್ಲಂತೂ ಈ ಡಬ್ಬಿಯನ್ನು ಒಯ್ಯುವಂತಿಲ್ಲ, ಅಲ್ಲೇ ಕೊಳ್ಳಬೇಕು. ಸೊಳ್ಳೆ ಔಷಧಿಯ ಲೆಕ್ಕದಲ್ಲಿ ಡೇರೆಗೋ ಮೈಗೋ ಮುಂಚಿತವಾಗಿ ಸಿಂಪಡಿಸಿಕೊಳ್ಳುವ ಪಂಡಿತರೂ ಇದ್ದಾರೆ. ನೆಲಕ್ಕೆ ಬಿದ್ದು ಆರಿದ ಖಾರದ ವಾಸನೆ ಕರಡಿಗೆ ಇಷ್ಟ. ಅಲಾಸ್ಕಾದಲ್ಲಿ ಕರಡಿಗಳು ಬಂದು ಅದರ ಮೇಲೆ ಹೊರಳಾಡಿದ್ದನ್ನು ಸಂಶೋಧಕರು ನೋಡಿದ್ದಾರೆ.

ಮೈಮೇಲೇ ಬಿದ್ದರೆ ಮೊದಲು ಹೇಳಿದ ದ್ವಿವಿಧ ವಿಭಾಗ ನೆನಪಾಗಬೇಕು. ರಕ್ಷಣಾರ್ಥವಾದರೆ ಬೆನ್ನಚೀಲ ಕಳಚದೆ ಬೋರಲು ಮಲಗಿ, ಬೆರಳು ಹೆಣೆದು ಕತ್ತಿನ ಹಿಂದಿಟ್ಟು, ಮಗುಚಲಾಗದಂತೆ ಕಾಲು ಅಗಲಿಸಿ ಸತ್ತಂತಿರಿ. ಅದು ದೂರ ಹೋದದ್ದು ಖಚಿತವಾಗುವವರೆಗೆ ಏಳಬೇಡಿ. ಭಕ್ಷಣಾರ್ಥವಾದರೆ, ಅಂದರೆ ಬಹಳ ಹೊತ್ತು ಹಿಂಬಾಲಿಸಿ ಬಂದಿದ್ದರೆ, ರಾತ್ರಿ ಡೇರೆಗೆ ನುಗ್ಗಿದ್ದರೆ, ಅಥವಾ ಕಚ್ಚುವುದನ್ನು ನಿಲ್ಲಿಸದೇ ಇದ್ದರೆ, ಸತ್ತಂತೆ ಬಿದ್ದಿರುವುದು ಬಡಿಸಿದ ಎಲೆಯಾಗುವುದು. ಕಲ್ಲು, ಕೋಲು, ಮುಷ್ಟಿ, ಸಿಕ್ಕಿದ್ದರಿಂದ ಮೂಗು ಕಣ್ಣಿಗೆ ಬಡಿಯಿರಿ. ಎರಡಕ್ಕೂ ಚಿಕಿತ್ಸೆ ತದ್ವಿರುದ್ಧ, ರೋಗನಿರ್ಣಯಕ್ಕೆ ಸಿಗುವ ಸಮಯ ಎರಡು ಸೆಕೆಂಡು. ಈ ಶಾಸ್ತ್ರದ ಅತಿ ಸೂಕ್ಷ್ಮವಾದ ಭೇದ ಅತಿ ಅನನುಕೂಲವಾದ ಭಂಗಿಯಲ್ಲಿ ತೀರ್ಮಾನವಾಗಬೇಕಾಗಿದೆ ಎಂಬುದನ್ನು ಬೇಸರದಿಂದಲೇ ಒಪ್ಪಿಕೊಳ್ಳಬೇಕು.

ಮತ್ತೊಂದು ಶಂಕೆ: ಇಷ್ಟೆಲ್ಲ ಇರುವಾಗ ಹೋಗುವುದಾದರೂ ಯಾಕೆ? ಯೆಲ್ಲೋಸ್ಟೋನ್ ಉದ್ಯಾನ ಶುರುವಾದ 1872ರಿಂದ ಈಚೆಗೆ ಅದರೊಳಗೆ ಕರಡಿಯಿಂದ ಸತ್ತವರು ಉದ್ಯಾನದವರ ಲೆಕ್ಕದಲ್ಲಿ 8 ಜನ. ಕುದಿಯುವ ಬುಗ್ಗೆಗಳಿಗೆ ಬಿದ್ದು ಸತ್ತವರು 20ಕ್ಕೂ ಹೆಚ್ಚು, ನೀರಿನಲ್ಲಿ ಮುಳುಗಿದವರು 100ಕ್ಕೂ ಹೆಚ್ಚು. ಬುಗ್ಗೆಗಳ ಬಗ್ಗೆ ಯಾರೂ ಸಿನಿಮಾ ಮಾಡಿಲ್ಲ. ನಮ್ಮ ಕರಡಿಯ ಎದುರು ಗ್ರಿಜ್ಲಿಯ ಲೆಕ್ಕ ಸಣ್ಣದು. ಉತ್ತರ ಅಮೆರಿಕದಲ್ಲಿ ವರ್ಷಕ್ಕೆ ಹತ್ತೋ ಹನ್ನೆರಡೋ ದಾಳಿಯಾದರೆ, ಭಾರತದಲ್ಲಿ ಕರಡಿಗೆ ಸಿಕ್ಕುವವರು ಅದರ ಎಷ್ಟೋ ಪಟ್ಟು. ಅವರು ರಜೆಯಲ್ಲಿ ಹೊರಟವರಲ್ಲ. ದರೋಜಿ, ಗುಡೇಕೋಟೆ ಕಡೆ ರಾತ್ರಿ ಹೊಲ ಕಾಯುವವನಿಗೆ, ಸೌದೆಗೆ ಹೋಗುವವಳಿಗೆ 91 ಮೀಟರಿನ ನಿಯಮ ಓದಿ ಹೇಳಿ ಏನಾಗಬೇಕು? ಆದ್ದರಿಂದ ಅವರು ಈ ಗ್ರಂಥದ ಅಧಿಕಾರಿಗಳಲ್ಲ. ಅವರಿಗೆ ಬೇಕಾದ್ದು ವರ್ಗೀಕರಣವಲ್ಲ, ದೀಪ, ಜೊತೆಗಾರ ಮತ್ತು ಪರಿಹಾರದ ಹಣ.

ಗಂಧ ಪ್ರಕರಣ

ಮೇಲೆ ಹೇಳಿದ ಅಪ್ಪ ಅಮ್ಮಂದಿರಿಗೆ ವಿಶೇಷವಾಗಿ ಅನ್ವಯಿಸುವುದು ಇದು. ಕರಡಿಯ ಮೂಗಿನ ದೃಷ್ಟಿಯಲ್ಲಿ ಆಹಾರ, ಆಹಾರವಲ್ಲದ್ದು ಎಂಬ ಭೇದವಿಲ್ಲ. ವಾಸನೆಯುಳ್ಳದ್ದು, ಇಲ್ಲದ್ದು ಎಂಬುದಷ್ಟೇ ಉಂಟು. ಚಟ್ನಿಪುಡಿ, ಉಪ್ಪಿನಕಾಯಿ, ಪುಳಿಯೋಗರೆ ಗೊಜ್ಜು, ಹುರಿದ ಕಡಲೆಬೀಜ ಇವುಗಳಲ್ಲಿ ಯಾರಿಗೂ ಸಂಶಯವಿರದು. ಟೂತ್‌ಪೇಸ್ಟು, ಸ್ನಾನದ ಸೋಪು, ತಲೆಗೆ ಹಚ್ಚುವ ತೆಂಗಿನೆಣ್ಣೆ, ಬೆಳಗಿನ ಪೂಜೆಗೆಂದು ತಂದ ಊದುಬತ್ತಿಯ ಪೊಟ್ಟಣ ಕೂಡ ಅದೇ ಪಟ್ಟಿಯಲ್ಲಿವೆ. ಇವು ಯಾವುವೂ ಮಲಗುವ ಡೇರೆಯೊಳಗೆ ಇರಕೂಡದು. ಕಾಡಿನಲ್ಲಿ ತಂಗುವವರು ಡೇರೆಯಿಂದ 100 ಗಜ ದೂರದಲ್ಲಿ ಅಡುಗೆ ಮಾಡಿ, ಬುತ್ತಿಯನ್ನು ನೆಲದಿಂದ 10 ಅಡಿ ಮೇಲೆ, ಮರದ ಕಾಂಡದಿಂದ 4 ಅಡಿ ಆಚೆಗೆ ತೂಗುಹಾಕಬೇಕು. ಬಿಡಾರಗಳಲ್ಲಿ ಇದಕ್ಕೆಂದೇ ಕಬ್ಬಿಣದ ಪೆಟ್ಟಿಗೆ ಇಟ್ಟಿರುತ್ತಾರೆ. ಯೆಲ್ಲೋಸ್ಟೋನಿನಲ್ಲಿ ಗಾಜು ಏರಿಸಿದ ಕಾರಿನೊಳಗೂ ಇಡಬಹುದು. ಯೊಸೆಮಿಟಿಯಲ್ಲಿ ರಾತ್ರಿ ಅದೂ ಸಲ್ಲದು. ಅಲ್ಲಿನ ಕಪ್ಪು ಕರಡಿಗಳು ಕಾರಿನ ಬಾಗಿಲು ಬಗ್ಗಿಸುವುದರಲ್ಲಿ ಪಳಗಿವೆ.

ಹೊತ್ತುಕೊಂಡೇ ಹೋಗಬೇಕಾದರೆ ಕರಡಿ ತೆರೆಯಲಾಗದ ಡಬ್ಬಿಗಳು ಸಿಗುತ್ತವೆ. ಅವನ್ನು ಪರೀಕ್ಷಿಸುವವರು ವೆಸ್ಟ್ ಯೆಲ್ಲೋಸ್ಟೋನ್ ಊರಿನ ಒಂದು ಕೇಂದ್ರದಲ್ಲಿರುವ ಗ್ರಿಜ್ಲಿಗಳೇ. ಒಳಗೆ ಘಮಘಮಿಸುವ ತಿಂಡಿ ತುಂಬಿ ಕರಡಿಯ ಮುಂದಿಡುತ್ತಾರೆ. ಒಟ್ಟು 60 ನಿಮಿಷದ ಕಚ್ಚಾಟ, ಗುದ್ದಾಟ, ಎತ್ತಿ ಕುಕ್ಕುವುದನ್ನು ತಾಳಿದರೆ ಡಬ್ಬಿ ಪಾಸು. ಪರೀಕ್ಷಕರಲ್ಲಿ ಹಲವರು ಅನ್ನದಾತರ ಕೈಯಡುಗೆಯಲ್ಲಿ ಕೆಟ್ಟು, ಬಿಡಾರಗಳಿಗೆ ನುಗ್ಗಿ, ಮರಣದಂಡನೆಯ ಬದಲು ಈ ಕಾಯಂ ಹುದ್ದೆಗೆ ಬಂದವರು. ಅವರು ಪಾಸು ಮಾಡಿದ ಪಟ್ಟಿಯಲ್ಲಿ ನಮ್ಮ ಸ್ಟೀಲಿನ ಟಿಫಿನ್ ಕ್ಯಾರಿಯರ್ ಇಲ್ಲ. ಗೊಜ್ಜನ್ನು ಕಬ್ಬಿಣದ ಪೆಟ್ಟಿಗೆಯಲ್ಲೇ ಇಡಿ, ಚಿಲಕ ಹಾಕಿದ್ದನ್ನು ಎರಡನೇ ಸಲ ನೋಡಿ ಬನ್ನಿ.